ಧನುರ್ಮಾಸದ ಚೌಕಾಸಿ

ಹೌರಾದಲ್ಲಿ ಪೌಷ ಶುರುವಾಯಿತು. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯ ತನಕ ಸಂಪ್ರದಾಯ ನೋಡುವ ಬಂಗಾಳಿ ಮನೆಗಳಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸ ಗಾಡಿಯನ್ನು ಮನೆ ಮುಂದೆ ತಂದು ನಿಲ್ಲಿಸುವುದೂ ಇಲ್ಲ. ನಮ್ಮ ಕಡೆಯ ಧನುರ್ಮಾಸವೇ ಇಲ್ಲಿನ ಪೌಷ. ಕಾರು ಕೊಳ್ಳಬೇಕೆಂದಿರುವವರಿಗೆ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ನಾಲ್ಕು ವಾರ ಸಿಗುವುದಿಲ್ಲ.

ಕಾರಣ ಸರಳ. ಹಬ್ಬದ ಗಿರಾಕಿ ಬಂದು ಹೋಗಿರುತ್ತಾನೆ, ಶುಭ ನೋಡುವ ಗಿರಾಕಿ ಸಂಕ್ರಾಂತಿಗೆ ಕಾಯುತ್ತಾನೆ. ಇತ್ತ ಷೋರೂಮಿನ ಹಿತ್ತಲಲ್ಲಿ ಈ ವರ್ಷ ತಯಾರಾದ ಗಾಡಿಗಳು ನಿಂತಿರುತ್ತವೆ. ಜನವರಿ ಒಂದನೇ ತಾರೀಖಿಗೆ ಅವು ‘ಹೋದ ವರ್ಷದ ಗಾಡಿ’ ಆಗುತ್ತವೆ. ತಯಾರಿಕೆಯ ತಿಂಗಳು, ವರ್ಷ ಆರ್‌ಸಿಯಲ್ಲಿ ದಾಖಲಾಗುವುದರಿಂದ ಮುಂದೆ ಮಾರುವಾಗ ಆ ಒಂದು ವರ್ಷದ ಬೆಲೆ ಬಿದ್ದೇ ಬೀಳುತ್ತದೆ. ಆದ್ದರಿಂದ ಮೊದಲ ಪ್ರಶ್ನೆಯಾಗಿ ಬಣ್ಣ ಕೇಳಬೇಡಿ, ಮೈಲೇಜ್ ಕೇಳಬೇಡಿ. ಗಾಡಿ ಯಾವ ತಿಂಗಳು ತಯಾರಾದದ್ದು ಎಂದು ಕೇಳಿ. ಮೂರು ನಾಲ್ಕು ವರ್ಷದಲ್ಲಿ ಗಾಡಿ ಬದಲಿಸುವ ಅಭ್ಯಾಸ ನಿಮಗಿದ್ದರೆ ಹಳೆ ಸ್ಟಾಕಿಗೆ ದೊಡ್ಡ ರಿಯಾಯಿತಿ ಸಿಕ್ಕದೆ ಕೈಹಾಕಬಾರದು. ಹತ್ತು ವರ್ಷ ಇಟ್ಟುಕೊಳ್ಳುವವರಾದರೆ ಆ ಒಂದು ವರ್ಷದ ವ್ಯತ್ಯಾಸ ಸವೆದುಹೋಗುತ್ತದೆ, ಸಿಕ್ಕ ರಿಯಾಯಿತಿ ಮಾತ್ರ ಉಳಿಯುತ್ತದೆ. ಕರ್ನಾಟಕದಲ್ಲಿ ಆಷಾಢ, ಎರಡೂ ಕಡೆ ಪಿತೃಪಕ್ಷ, ಎಲ್ಲ ತಿಂಗಳ ಕೊನೆಯ ವಾರ: ಇವಕ್ಕೂ ಇದೇ ಗುಣವಿದೆ. ಆದರೆ ಶುಭವಿಲ್ಲದ ಮಾಸ ಮತ್ತು ವರ್ಷದ ಕೊನೆ ಒಟ್ಟಿಗೆ ಕೂಡುವುದು ಈಗ ಮಾತ್ರ.

ಕಾಲ ಸರಿಯಿದ್ದರೆ ಅರ್ಧ ಕೆಲಸ ಆಯಿತು. ಉಳಿದರ್ಧ ಇರುವುದು ಆನ್‌ರೋಡ್ ಚೀಟಿಯಲ್ಲಿ. ಈ ಅಂಕಣವನ್ನು ಓದುತ್ತ ಬಂದವರಿಗೆ ನನ್ನ ಹಠ ಗೊತ್ತು: ಒಟ್ಟು ಮೊತ್ತದ ಮೇಲೆ ಚೌಕಾಸಿ ಮಾಡಬೇಡಿ, ಸಾಲು ಸಾಲಾಗಿ ಮಾಡಿ. ‘ಇಪ್ಪತ್ತು ಸಾವಿರ ಬಿಡಿ ಸಾರ್’ ಎಂದರೆ ಇಪ್ಪತ್ತು ಸಾವಿರ ಬಿಡುತ್ತಾರೆ, ಇನ್ನೊಂದು ಸಾಲಿನಲ್ಲಿ ಇಪ್ಪತ್ತೈದು ಏರಿಸುತ್ತಾರೆ. ಬರಹದಲ್ಲಿ ಕೊಡಿ ಎಂದು ಕೇಳಿ. ಕೊಡದವರ ಹತ್ತಿರ ಕೂರಬೇಡಿ.

ಆ ಚೀಟಿಯಲ್ಲಿ ಎರಡು ಜಾತಿಯ ಸಾಲುಗಳಿರುತ್ತವೆ. ಅಲುಗದವು ಒಂದು, ಅಲುಗುವವು ಇನ್ನೊಂದು. ರಸ್ತೆ ತೆರಿಗೆ ಅಲುಗದು. ಹತ್ತು ಲಕ್ಷ ದಾಟಿದ ಗಾಡಿಗೆ ಹಿಡಿಯುವ ಶೇ 1ರ ಟಿಸಿಎಸ್ ಅಲುಗದು, ಆದರೆ ಆದಾಯ ತೆರಿಗೆ ಲೆಕ್ಕ ಸಲ್ಲಿಸುವಾಗ ಅದು ನಿಮ್ಮ ಖಾತೆಗೆ ಜಮೆ ಇರುತ್ತದೆ, ಮರೆಯಬೇಡಿ. ವಿಮೆಯಲ್ಲಿ ಥರ್ಡ್ ಪಾರ್ಟಿ ಭಾಗವೂ ಅಲುಗದು. ಸುಪ್ರೀಂ ಕೋರ್ಟಿನ ಆದೇಶದಿಂದಾಗಿ 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಅದನ್ನು ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಬೇಕು. 1000ದಿಂದ 1500 ಸಿಸಿ ಗಾಡಿಗೆ ಅದು 10,640 ರೂಪಾಯಿ ಎಂದು 2022ರಲ್ಲಿ ನಿಗದಿಯಾಯಿತು. ಅದರ ಪಕ್ಕದಲ್ಲೇ ಇರುವ ಓನ್ ಡ್ಯಾಮೇಜ್ ಭಾಗ ಮಾತ್ರ ಚೆನ್ನಾಗಿ ಅಲುಗುತ್ತದೆ. ಅದೇ ಕಂಪನಿಯ, ಅದೇ ರಕ್ಷಣೆಯ ಪಾಲಿಸಿ ಹೊರಗೆ ಎಷ್ಟಕ್ಕೆ ಸಿಗುತ್ತದೆ ಎಂದು ವಿಚಾರಿಸಿಕೊಂಡು ಹೋಗಿ. ವಿಮೆ ಎಲ್ಲಿ ಮಾಡಿಸಬೇಕೆಂಬುದು ಕೊಳ್ಳುವವರ ಇಷ್ಟ. ಷೋರೂಮಿನಲ್ಲೇ ಮಾಡಿಸದಿದ್ದರೆ ಡಿಸ್ಕೌಂಟ್ ಇಲ್ಲ ಎಂದರೆ ಆ ಡಿಸ್ಕೌಂಟು ಎಲ್ಲಿಂದ ಬರುತ್ತಿದೆ ಎಂಬುದು ನಿಮಗೆ ತಿಳಿಯಿತು ಎಂದಾಯಿತು. ಹಳೆ ಕಾರಿನ ನೋ ಕ್ಲೇಮ್ ಬೋನಸ್ ನಿಮ್ಮದು, ಗಾಡಿಯದಲ್ಲ. ಐದು ವರ್ಷ ಕ್ಲೇಮ್ ಮಾಡದವರಿಗೆ ಅದು ಶೇ 50ರಷ್ಟಾಗಿರುತ್ತದೆ. ಅದರ ಪತ್ರ ತೆಗೆದುಕೊಂಡು ಹೊಸ ಪಾಲಿಸಿಗೆ ಹಾಕಿಸಿ.

ಆಮೇಲೆ ಆಕ್ಸೆಸರಿ, ಎಕ್ಸ್‌ಟೆಂಡೆಡ್ ವಾರಂಟಿ, ಹ್ಯಾಂಡ್ಲಿಂಗ್ ಚಾರ್ಜ್. ಹ್ಯಾಂಡ್ಲಿಂಗ್ ಎಂದರೆ ಯಾವ ಸೇವೆ ಎಂದು ಕೇಳಿ. ಉತ್ತರ ಬಾರದಿದ್ದರೆ ಆ ಸಾಲು ಹೊಡೆಯಿಸಿ. ‘ಮೂವತ್ತು ಸಾವಿರದ ಆಕ್ಸೆಸರಿ ಫ್ರೀ’ ಎನ್ನುವುದಕ್ಕಿಂತ ಹದಿನೈದು ಸಾವಿರದ ನಗದು ರಿಯಾಯಿತಿ ಮೇಲು, ಏಕೆಂದರೆ ಆ ಮೂವತ್ತು ಅವರೇ ಬರೆದ ಮೂವತ್ತು. ತೆರಿಗೆ ಇಳಿಕೆಯನ್ನು ರಿಯಾಯಿತಿಯೆಂದು ತೋರಿಸಲು ಬಿಡಬೇಡಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಮೇಲಿನ ಸೆಸ್ಸೂ ಹೋಯಿತು. ಅದು ಸರ್ಕಾರ ಬಿಟ್ಟದ್ದು, ಡೀಲರ್ ಬಿಟ್ಟದ್ದಲ್ಲ. ಹಳೆ ಕಾರು ಕೊಟ್ಟು ಹೊಸದು ತರುವವರು ಎರಡನ್ನೂ ಬೇರೆ ಬೇರೆ ವ್ಯಾಪಾರವಾಗಿ ಮಾಡಿ. ಹೊಸದರ ಬೆಲೆ ಚೀಟಿಯಲ್ಲಿ ಖಾಯಂ ಆಗುವ ತನಕ ಹಳೆಯದರ ಕೀಲಿ ಜೇಬಿನಲ್ಲೇ ಇರಲಿ.

ಇಲ್ಲಿ ಒಂದು ಹಳೆ ಬಾಕಿ ತೀರಿಸಬೇಕಾಗಿದೆ. ಕಂತು ನೋಡಿ ಕಾರು ಕೊಳ್ಳುವವರ ಪಂಥವೊಂದಿದೆ. ‘ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?’ ಎಂದು ಅವರ ಗುರುಗಳು ಕೇಳುತ್ತಾರೆ, ಆ ಉತ್ತರಕ್ಕೆ ತಕ್ಕ ಗಾಡಿ ತೋರಿಸುತ್ತಾರೆ. ಪತ್ರಿಕೆಗಳ ವಾಹನ ಪುಟಗಳೂ ಈಗೀಗ ಇದನ್ನೇ ಬುದ್ಧಿವಂತಿಕೆಯೆಂದು ಬರೆಯುತ್ತಿವೆ. ನಾನು ಇದನ್ನು ಒಪ್ಪುವುದಿಲ್ಲ, ಲೆಕ್ಕವೂ ಒಪ್ಪುವುದಿಲ್ಲ. ಎಂಟು ಲಕ್ಷ ಸಾಲ, ಶೇ 9 ಬಡ್ಡಿ, ಐದು ವರ್ಷ: ಕಂತು ಸುಮಾರು 16,600. ಏಳು ವರ್ಷಕ್ಕೆ ಎಳೆದರೆ ಕಂತು 12,900ರ ಒಳಗೆ ಬರುತ್ತದೆ. ತಿಂಗಳಿಗೆ 3,700 ಉಳಿಯಿತೆಂದು ಮನೆಯವರೆಲ್ಲ ಸಮಾಧಾನಪಡುತ್ತಾರೆ. ಕೊನೆಗೆ ಹೆಚ್ಚು ಕಟ್ಟಿದ್ದು ಸುಮಾರು 85 ಸಾವಿರ. ಷೋರೂಮಿನಲ್ಲಿ ಮೂರು ಗಂಟೆ ಕೂತು ಇಳಿಸಿದ ಇಪ್ಪತ್ತು ಸಾವಿರದ ನಾಲ್ಕು ಪಟ್ಟು ಒಂದು ಸಹಿಯಲ್ಲಿ ಹೋಯಿತು.

ಇದಕ್ಕಿಂತ ಕೆಟ್ಟದ್ದು ಫ್ಲಾಟ್ ಬಡ್ಡಿಯ ಮಾತು. ‘ಬ್ಯಾಂಕಿನವರು ಒಂಬತ್ತು ಕೇಳುತ್ತಾರೆ, ನಾವು ಐದಕ್ಕೇ ಕೊಡುತ್ತೇವೆ’ ಎನ್ನುತ್ತಾರೆ. ಫ್ಲಾಟ್ ಐದು ಎಂದರೆ ಎಂಟು ಲಕ್ಷಕ್ಕೆ ವರ್ಷಕ್ಕೆ 40 ಸಾವಿರದಂತೆ ಐದು ವರ್ಷಕ್ಕೆ ಎರಡು ಲಕ್ಷ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುವ ಬ್ಯಾಂಕಿನ ಒಂಬತ್ತರಲ್ಲಿ ಕಟ್ಟುವುದು 1,96,000ದ ಸುತ್ತಮುತ್ತ. ಐದು ಒಂಬತ್ತಕ್ಕಿಂತ ದುಬಾರಿಯಾಯಿತು! ಅವಧಿ, ಒಟ್ಟು ಕಟ್ಟುವ ಮೊತ್ತ, ಪ್ರೊಸೆಸಿಂಗ್ ಫೀ, ಬೇಗ ತೀರಿಸಿದರೆ ಹಾಕುವ ದಂಡ: ಈ ನಾಲ್ಕು ಅಂಕಿ ಕಾಗದದಲ್ಲಿ ಬಾರದೆ ಸಾಲದ ಮಾತೇ ಎತ್ತಬೇಡಿ.

ಇನ್ನೊಂದು ಪಂಥ ಎದ್ದು ಹೊರಡುವವರದು. ಅರ್ಧಕ್ಕೆ ಕೇಳು, ಮುಖ ಗಂಟಿಕ್ಕು, ಬಾಗಿಲ ತನಕ ನಡೆ, ಕರೆದೇ ಕರೆಯುತ್ತಾರೆ ಎಂಬ ಪಾಠ. ಹೌರಾ ಮೈದಾನದ ಬಳಿಯ ಮಂಗಳಾ ಹಾಟ್‌ನಲ್ಲಿ, ಮಂಗಳವಾರದ ಆ ಬಟ್ಟೆ ಸಂತೆಯಲ್ಲಿ, ಸಗಟಿಗೆ ಕೊಳ್ಳುವವರು ದರ ಕಡಿಯುವುದನ್ನು ನೋಡಿದವರಿಗೆ ಕಾರಿಗೂ ಅದೇ ವಿದ್ಯೆ ಸಾಕು ಎನಿಸುತ್ತದೆ. ಸಾಲದು. ಸಂತೆಯಲ್ಲಿ ಇಬ್ಬರೂ ಮುಂದಿನ ಮಂಗಳವಾರ ಮತ್ತೆ ಮುಖ ನೋಡಬೇಕು, ಇಬ್ಬರಿಗೂ ಮಾಲಿನ ಅಸಲು ಗೊತ್ತು. ಷೋರೂಮಿನಲ್ಲಿ ನಿಮ್ಮ ಎದುರು ಕೂತ ಹುಡುಗನಿಗೆ ಗಾಡಿಯ ಬೆಲೆ ಬಿಡುವ ಅಧಿಕಾರವೇ ಇರುವುದಿಲ್ಲ. ಅವನಿಗಿರುವುದು ತಿಂಗಳ ಟಾರ್ಗೆಟ್ಟು. ಅವನ ಮೇಲೆ ಕೂಗಾಡಿ ಏನೂ ಬರುವುದಿಲ್ಲ. ಬೇರೆ ಎರಡು ಡೀಲರುಗಳ ಲಿಖಿತ ಚೀಟಿ ಮೇಜಿನ ಮೇಲಿಟ್ಟು, ‘ಈ ಸಾಲಿನಲ್ಲಿ ನೀವು ಎಂಟು ಸಾವಿರ ಹೆಚ್ಚಿದ್ದೀರಿ, ಮ್ಯಾನೇಜರ್ ಹತ್ತಿರ ಕೇಳಿಕೊಂಡು ಬಾಪ್ಪಾ’ ಎಂದರೆ ಅವನಿಗೂ ಒಳಗೆ ಹೋಗಿ ಹೇಳಲು ಒಂದು ಆಧಾರ ಸಿಗುತ್ತದೆ. ಸುಳ್ಳು ಚೀಟಿ, ಸುಳ್ಳು ಕೋಪ ಎರಡೂ ಬೇಡ. ನಿಜವಾದ ಅಂಕಿಗೆ ಇರುವ ಬಲ ನಾಟಕಕ್ಕಿಲ್ಲ.

ಈ ಹಠ ನನಗೆ ಹತ್ತಿದ್ದರಲ್ಲಿ ಹೌರಾದ ಪಾಲೂ ಇದೆ. ಜಿ.ಟಿ. ರೋಡ್ ಹಿಡಿದು ಉತ್ತರಕ್ಕೆ ಹೋಗಿ ಬಾಲಿ ದಾಟಿದರೆ ಜಿಲ್ಲೆ ಮುಗಿದು ಉತ್ತರಪಾಡಾ. ಅಂಬಾಸಡರ್ ಹುಟ್ಟಿದ ಜಾಗ. 1942ರಲ್ಲಿ ಬಿ.ಎಂ. ಬಿರ್ಲಾ ಗುಜರಾತಿನ ಓಖಾ ಬಂದರಿನಲ್ಲಿ ಶುರು ಮಾಡಿದ ಹಿಂದುಸ್ತಾನ್ ಮೋಟರ್ಸ್ 1948ರಲ್ಲಿ ಇಲ್ಲಿಗೆ ಬಂತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯನ್ನು ಆಧರಿಸಿದ ಅಂಬಾಸಡರ್ ಕಳೆದ ಶತಮಾನದ ಐವತ್ತರ ದಶಕದ ಕೊನೆಯಿಂದ 2014ರ ಮೇ ತನಕ ಇಲ್ಲಿ ತಯಾರಾಯಿತು. ಆ ಕಾರನ್ನು ಪ್ರೀತಿಸುವವರಲ್ಲಿ ನಾನೂ ಒಬ್ಬ. ಆದರೆ ಅದರ ಕಾಲವನ್ನು ಯಾರಾದರೂ ಹೊಗಳಿದರೆ ನನಗೆ ನೆನಪಾಗುವುದು ಕ್ಯೂ. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕು, ಬಂದ ಬಣ್ಣಕ್ಕೆ ತೃಪ್ತಿಪಡಬೇಕು. ಚೌಕಾಸಿ ಎಂಬ ಮಾತೇ ಇರಲಿಲ್ಲ.

ಬೆಲೆಯೂ ಸರ್ಕಾರದ ಕೈಯಲ್ಲಿತ್ತು. ಅಂಬಾಸಡರ್, ಫಿಯಟ್, ಸ್ಟ್ಯಾಂಡರ್ಡ್ ಮೂರಕ್ಕೂ ದೆಹಲಿಯೇ ಬೆಲೆ ಕಟ್ಟಿದಾಗ ತಯಾರಕರು ಸುಪ್ರೀಂ ಕೋರ್ಟಿಗೆ ಹೋದರು. ಒಂದು ಆಯೋಗ ಕೂತು ಕಾರಿನ ಖರ್ಚನ್ನು ಬಾಬ್ತು ಬಾಬ್ತಾಗಿ ಬಿಡಿಸಿ ನೋಡಿತು. ಪ್ರೀಮಿಯರ್ ಆಟೊಮೊಬೈಲ್ಸ್ ಪ್ರಕರಣವೆಂದು ಹೆಸರಾದ 1971ರ ಆ ತೀರ್ಪನ್ನು ಈ ಅಂಕಣದ ಓದುಗರು ಒಮ್ಮೆಯಾದರೂ ಓದಬೇಕು. ಕೊಳ್ಳುವವರಿಗೆ ಹೊರೆಯಾಗಬಾರದು, ಹಾಗೆಯೇ ತಯಾರಕನಿಗೆ ಹಾಕಿದ ಬಂಡವಾಳದ ಮೇಲೆ ತಕ್ಕ ಪ್ರತಿಫಲ ಸಿಗಬೇಕು. ಎರಡೂ ಸೇರಿದ್ದೇ ನ್ಯಾಯವಾದ ಬೆಲೆ ಎಂಬುದು ಅದರ ತಿರುಳು. ಐವತ್ತು ವರ್ಷ ದಾಟಿದರೂ ಕಾರು ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಅಂದು ನ್ಯಾಯಾಲಯವೂ ಆಯೋಗವೂ ಮಾಡಿದ ಕೆಲಸವನ್ನು ಇಂದು ಗಿರಾಕಿ ಅರ್ಧ ದಿನದಲ್ಲಿ ತಾನೇ ಮಾಡಬಹುದು. ಆ ಹಕ್ಕು ನಮಗೆ ತಡವಾಗಿ ಬಂದಿದೆ. ಅದನ್ನು ಸೋಮಾರಿತನಕ್ಕೂ ದುರಾಸೆಗೂ ಬಲಿ ಕೊಡಬಾರದು.

ಹಳೆ ಕಾರಿನ ಮಾತು ಹೇಳದೆ ಮುಗಿಸಿದರೆ ವರ್ಗವಾಗಿ ಇಲ್ಲಿಗೆ ಬಂದಿರುವ ಬ್ಯಾಂಕಿನ, ರೈಲ್ವೆಯ ಕನ್ನಡಿಗರು ಬಿಡುವುದಿಲ್ಲ. ಡಬ್ಲ್ಯುಬಿ 11 ಅಥವಾ 12 ಎಂದಿದ್ದರೆ ಅದು ಹೌರಾದಲ್ಲಿ ನೋಂದಣಿಯಾದ ಗಾಡಿ. ಬೆಲೆ ಶುರು ಮಾಡಲು ಮಾರುವವರ ವಿಮೆ ಪಾಲಿಸಿಯಲ್ಲಿರುವ ಐಡಿವಿ, ಅಂದರೆ ವಿಮೆಯವರು ಗಾಡಿಗೆ ಕಟ್ಟಿದ ಬೆಲೆ, ನೋಡಿ. ನಾಲ್ಕು ವರ್ಷ ತುಂಬಿ ಐದರೊಳಗಿರುವ ಗಾಡಿಗೆ ವಿಮೆಯವರು ಶೇ 50 ಸವಕಳಿ ಹಾಕಿರುತ್ತಾರೆ. ಅದು ಮೂರನೆಯವರು ಬರೆದ ಅಂಕಿ, ಅದರ ಮೇಲೆ ಜಗಳವಾಡುವುದು ಕಷ್ಟ. ಇಲ್ಲಿ ಐದು ವರ್ಷಕ್ಕೆ ತೆರಿಗೆ ಕಟ್ಟಿದ ಕಾರುಗಳು ಬಹಳ. ತೆರಿಗೆ ಯಾವಾಗ ಮುಗಿಯುತ್ತದೆ ನೋಡಿ. ಆರು ತಿಂಗಳೇ ಉಳಿದಿದ್ದರೆ ಮುಂದಿನ ಕಂತು ಬೆಲೆಯಿಂದ ಕಳೆಯಬೇಕಾದ್ದು. ಕಾರ್ಪೆಟ್ ಎತ್ತಿ ನೋಡಿ, ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೊನೆಯಲ್ಲಿ ಕೆಸರಿನ ಗೆರೆ ಇದೆಯೇ ನೋಡಿ. 2020ರ ಮೇ 20ರ ಆಂಫಾನ್ ಈ ಊರಿನಲ್ಲಿ ನಿಲ್ಲಿಸಿದ ನೀರು ಕೆಲವು ಗಾಡಿಗಳ ವೈರಿಂಗಿನಲ್ಲಿ ಇನ್ನೂ ಕೆಲಸ ಮಾಡುತ್ತಿರಬಹುದು. ನೀರು ಹೊಕ್ಕ ಗಾಡಿಗೆ ಚೌಕಾಸಿಯೇ ಬೇಡ, ಬಿಟ್ಟುಬಿಡಿ. ಮೆಕ್ಯಾನಿಕ್ಕನ್ನು ನೀವೇ ಕರೆದುಕೊಂಡು ಹೋಗಿ, ವ್ಯಾಪಾರ ಆಗಲಿ ಬಿಡಲಿ ಅವರ ಕೂಲಿ ಮೊದಲೇ ಕೊಟ್ಟುಬಿಡಿ. ಕಮಿಷನ್ ಮೇಲೆ ನೋಡುವ ಕಣ್ಣಿಗೆ ದೋಷ ಕಾಣುವುದಿಲ್ಲ.

ಫಾರಂ 29, 30, ಸಾಲವಿದ್ದರೆ ಬ್ಯಾಂಕಿನ 35, ಕಟ್ಟದ ಚಲನ್ನುಗಳ ಪಟ್ಟಿ ಕೈಸೇರುವ ತನಕ ಪೂರ್ತಿ ದುಡ್ಡು ಕೊಡಬೇಡಿ. ಮಾರುವವರಿಗೂ ಒಂದು ಮಾತು: ಆರ್‌ಸಿಯಲ್ಲಿ ಹೆಸರಿರುವ ತನಕ ಅಪಘಾತದ ಪರಿಹಾರದ ಹೊಣೆ ನಿಮ್ಮದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಇಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಕೊಂಡು ಊರಿಗೆ ಒಯ್ಯುವವರು ಕರ್ನಾಟಕದ ಜೀವಾವಧಿ ತೆರಿಗೆಯನ್ನು ಮೊದಲು ಲೆಕ್ಕ ಹಾಕಿ. ಹತ್ತರಿಂದ ಇಪ್ಪತ್ತು ಲಕ್ಷದ ಹೊಸ ಗಾಡಿಗೆ ಅಲ್ಲಿ ಶೇ 17, ಅದರ ಮೇಲೆ ಸೆಸ್. ಹಳೆಯದಕ್ಕೆ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ, ಆದರೂ ಅಗ್ಗ ಅಗ್ಗವಾಗಿ ಉಳಿಯುವುದು ಅಪರೂಪ. ವರ್ಗಾವಣೆಯ ಕೆಲಸದವರು ಹೊಸದು ಕೊಳ್ಳುವುದಾದರೆ ರಾಜ್ಯ ಬದಲಾದರೂ ಮರುನೋಂದಣಿ ಬೇಡದ, 2021ರಲ್ಲಿ ಬಂದ ಬಿಎಚ್ ಸರಣಿಗೆ ಅರ್ಹರೇ ಎಂದು ನೋಡಿಕೊಳ್ಳಿ.

ಬೆಲೆ ಒಪ್ಪಿಗೆಯಾದ ಮೇಲೆ ಮತ್ತೆ ಎಳೆಯಬೇಡಿ. ಮಾತು ಮುಗಿದ ಮೇಲೆ ಇನ್ನೂ ಎರಡು ಸಾವಿರ ಕೇಳುವುದು ಚೌಕಾಸಿಯಲ್ಲ, ಸಣ್ಣತನ. ಗಾಡಿ ಮನೆಗೆ ಬಂದ ಮೇಲೆ ಆನ್‌ರೋಡ್ ಚೀಟಿಯನ್ನು ಹರಿದು ಎಸೆಯಲೂ ಬೇಡಿ. ಬಾಯಿ ಇದ್ದವರಿಗೆ ಒಂದು ಬೆಲೆ, ಇಲ್ಲದವರಿಗೆ ಇನ್ನೊಂದು ಎಂಬ ಪದ್ಧತಿ ನಡೆಯುವುದು ಪಕ್ಕದ ಮನೆಯವರು ಎಷ್ಟು ಕೊಟ್ಟರೆಂದು ನಮಗೆ ಗೊತ್ತಿಲ್ಲದ್ದರಿಂದ. ಮೊದಲ ಕಾರು ಕೊಳ್ಳುವ ಮೇಷ್ಟ್ರಿಗೆ, ಒಬ್ಬರೇ ಷೋರೂಮಿಗೆ ಹೋಗಬೇಕಾದ ಹೆಣ್ಣುಮಗಳಿಗೆ, ಚೌಕಾಸಿ ಎಂದರೆ ಮುಜುಗರಪಡುವ ನಿಮ್ಮ ಸಹೋದ್ಯೋಗಿಗೆ ಆ ಚೀಟಿ ಕೊಡಿ. ನೀವು ಹೊಡೆಯಿಸಿದ ಸಾಲನ್ನು ಅವರೂ ಹೊಡೆಯಿಸಲಿ.