ದೇಹವಿಲ್ಲದ ದಹನ

ಶವ ಸಿಗದ ಸಾವಿಗೆ ಗರುಡಪುರಾಣ ಒಂದು ದಾರಿ ಮಾಡಿಕೊಟ್ಟಿದೆ. 360 ಮುತ್ತುಗದ ಎಲೆದಂಟುಗಳನ್ನು ಸೇರಿಸಿ ಮನುಷ್ಯಾಕಾರ ಕಟ್ಟಬೇಕು. ತಲೆಯ ಜಾಗಕ್ಕೆ ತೆಂಗಿನಕಾಯಿ, ನಾಲಿಗೆಗೆ ಬಾಳೆಹಣ್ಣು, ಬಾಯಿಗೆ ಪಂಚರತ್ನ. ಹೆಸರು, ಗೋತ್ರ ಹೇಳಿ ಇದಕ್ಕೆ ಬೆಂಕಿ ಕೊಟ್ಟರೆ ಅಲ್ಲಿಗೆ ಕಾಣೆಯಾದವನು ಸತ್ತವರ ಸಾಲಿಗೆ ಸೇರುತ್ತಾನೆ. ಪುರೋಹಿತರು ಇದನ್ನು ಪಾಲಾಶವಿಧಿ ಎನ್ನುತ್ತಾರೆ. ಹೋದವನ ಸುದ್ದಿಗಾಗಿ ಹನ್ನೆರಡು ವರ್ಷ ಕಾಯಬೇಕು ಎಂಬ ಮಾತು ಅದರ ಜೊತೆಗೇ ನಡೆದು ಬಂದಿದೆ.

ಇಂಥ ವಿಧಿಯ ಅಗತ್ಯ ಸಾಗರ, ಹೊಸನಗರ, ತೀರ್ಥಹಳ್ಳಿಯ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರ, ಸಾಗರಗಳಲ್ಲಿ 1964ರ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಾಗಿ ಹಬ್ಬಿ ನಿಂತಿದೆ. ತೀರ್ಥಹಳ್ಳಿ ಪೇಟೆಯ ಮಗ್ಗುಲಲ್ಲೇ ತುಂಗೆ ಹರಿಯುತ್ತದೆ. ಆಗುಂಬೆಯ ಮಳೆ ಗೊತ್ತೇ ಇದೆ. ಆಷಾಢದಲ್ಲಿ ಕಾಲುಸಂಕ ದಾಟುವಾಗ ಜಾರಿದವರು, ಹೊಳೆಪಾಲಾದವರು, ಕಾಡು ಹೊಕ್ಕವರು, ಮುನಿಸಿಕೊಂಡು ಘಟ್ಟ ಇಳಿದವರು, ಯಾತ್ರೆಗೆಂದು ಹೊರಟವರು: ಎಲ್ಲರ ದೇಹವೂ ಮನೆಯಂಗಳಕ್ಕೆ ಮರಳುವುದಿಲ್ಲ. ಮನೆಯವರಿಗೆ ಉಳಿಯುವುದು ಕೊನೆಯ ಸಲ ಕಂಡ ದಿನ ಮಾತ್ರ.

ಈ ಕ್ರಿಯೆಯನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಅದು ಮಾಡುವ ಕೆಲಸವನ್ನು ಮೊದಲು ನೋಡಬೇಕು. ದೇಹವಿಲ್ಲದೆಡೆ ಒಂದು ದೇಹವನ್ನು ಅದು ಕೊಡುತ್ತದೆ. ದಿನಾಂಕವಿಲ್ಲದೆಡೆ ಒಂದು ತಿಥಿಯನ್ನು ಗೊತ್ತುಮಾಡುತ್ತದೆ. ವರ್ಷಗಟ್ಟಲೆ ಒಳಗೇ ಹುದುಗಿಸಿಟ್ಟ ಅಳುವಿಗೆ ನೆಂಟರಿಷ್ಟರ ನಡುವೆ ಜಾಗ ಸಿಗುತ್ತದೆ. ಶಾಸ್ತ್ರಕಾರರು ಇನ್ನೊಂದು ಸಾಧ್ಯತೆಯನ್ನೂ ಮರೆತಿಲ್ಲ. ಕ್ರಿಯೆ ಮುಗಿದ ಮೇಲೆ ಆ ಮನುಷ್ಯ ಜೀವಂತ ಮರಳಿದರೆ? ಅವನನ್ನು ತುಪ್ಪದ ಕೊಪ್ಪರಿಗೆಯಲ್ಲಿ ಅದ್ದಿ ತೆಗೆದು, ಜಾತಕರ್ಮದಿಂದ ಮೊದಲ್ಗೊಂಡು ಸಂಸ್ಕಾರಗಳನ್ನೆಲ್ಲ ಹೊಸದಾಗಿ ಮಾಡಿ, ಅದೇ ಹೆಂಡತಿಯೊಡನೆ ಮತ್ತೆ ಮದುವೆ ಮಾಡಬೇಕು. ಇಂದು ಇದು ನಗೆ ತರಿಸಬಹುದು. ಆದರೂ ತನ್ನ ತೀರ್ಮಾನ ತಪ್ಪಾಗಿರಬಹುದು ಎಂದು ವಿಧಿಯೊಂದು ತಾನೇ ಒಪ್ಪಿಕೊಂಡು ಹಿಂದಿರುಗುವ ಬಾಗಿಲನ್ನು ತೆರೆದಿಟ್ಟಿರುವುದು ಸಣ್ಣ ಸಂಗತಿಯಲ್ಲ.

ಹೋಮ, ಮಂತ್ರಗಳ ಹಂಗಿಲ್ಲದ ಮನೆಗಳಲ್ಲಿ ದಾರಿ ಇನ್ನೂ ಸರಳ. ಮಹಾಲಯ ಅಮಾವಾಸ್ಯೆಯ ದಿನ ತಿಥಿ ಗೊತ್ತಿಲ್ಲದವರಿಗೂ ಪಾಲಿದೆ. ಹಿರಿಯರಿಗೆ ಎಡೆ ಇಡುವಾಗ ಕಾಣೆಯಾದವನ ಹೆಸರಲ್ಲೂ ಒಂದು ಎಡೆ ಇಟ್ಟರಾಯಿತು.

ಈ ಆಚರಣೆಯ ಮೊದಲ ಕೊರತೆ ಇರುವುದು ಬೇರೆ ಕಡೆ. ಕಾದದ್ದು ಸಾಕು ಎಂದು ಹೇಳುವವರು ಯಾರು?

ಕುವೆಂಪು ಈ ಪ್ರಶ್ನೆಯನ್ನು 1967ರಲ್ಲೇ ಎತ್ತಿದ್ದರು. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಹಳೆಮನೆಯ ದೊಡ್ಡಣ್ಣ ಹೆಗ್ಗಡೆ ತಿರುಪತಿಗೆ ಹೋದವನು ತಿರುಗಿ ಬರುವುದಿಲ್ಲ. ಹೆಂಡತಿ ರಂಗಮ್ಮನ ಮನಸ್ಸು ಆ ಸಾವನ್ನು ಒಪ್ಪುವುದಿಲ್ಲ. ಊರು ಅವಳಿಗೆ ಕೊಟ್ಟ ಹೆಸರು ಹುಚ್ಚಿ. ತೀರ್ಥಹಳ್ಳಿ ಸೀಮೆಯ ಹತ್ತೊಂಬತ್ತನೆಯ ಶತಮಾನದ ಕೊನೆಯ ಬದುಕನ್ನು ಚಿತ್ರಿಸುವ ಈ ಕೃತಿಯ ನೂರಾರು ಎಳೆಗಳಲ್ಲಿ ರಂಗಮ್ಮನದು ಸಣ್ಣದು. ವಿಮರ್ಶೆಯ ಕಣ್ಣು ಗುತ್ತಿ, ತಿಮ್ಮಿ, ಚಿನ್ನಮ್ಮರ ಮೇಲೆ ನಿಂತಷ್ಟು ಅವಳ ಮೇಲೆ ನಿಂತಿಲ್ಲ. ಆದರೆ ದೇಹ ಕಾಣದ ಸಾವು ಒಂದು ಮನೆಯನ್ನು ಏನು ಮಾಡುತ್ತದೆ ಎಂದು ತಿಳಿಯಲು ಕನ್ನಡದಲ್ಲಿ ಮೊದಲು ಹೋಗಬೇಕಾದದ್ದು ಅವಳ ಬಳಿಗೇ. ಅವಳಿಗೆ ಮದ್ದು ಮಾಡಿಸಬೇಕೆಂದು ಊರಿಗೆ ತೋಚಬಹುದು. ನೀನು ಏನನ್ನು ನಂಬಿದ್ದೀ ಎಂದು ಕೂತು ಕೇಳಲು ತೋಚುವುದಿಲ್ಲ.

ಅಮೆರಿಕದ ಮನಃಶಾಸ್ತ್ರಜ್ಞೆ ಪಾಲಿನ್ ಬಾಸ್ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಕುಟುಂಬಗಳನ್ನು 1970ರ ದಶಕದಲ್ಲಿ ಅಭ್ಯಾಸ ಮಾಡಿದಾಗ ಕಂಡದ್ದೂ ರಂಗಮ್ಮನ ಇಕ್ಕಟ್ಟನ್ನೇ. ಇದ್ದಾನೆ, ಇಲ್ಲ ಎಂಬ ಎರಡು ಮಾತುಗಳನ್ನು ಒಟ್ಟಿಗೆ ಹೊತ್ತು ನಡೆಯುವುದು ಕಾಯಿಲೆಯಲ್ಲ, ಅಂಥ ಸ್ಥಿತಿಗೆ ಸಹಜವಾದ ಪ್ರತಿಕ್ರಿಯೆ ಎಂಬುದು ಅವರ ವಾದ. ಮುಗಿಸಿಬಿಡು ಎಂಬ ಒತ್ತಾಯದಿಂದ ನೋವು ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ.

ಮುಗಿಸುವ ಅಧಿಕಾರ ಕೆಟ್ಟ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೂ ಇದೇ ಸೀಮೆಯ ಸಾಕ್ಷಿ ಇದೆ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ ಬರೆದ ಕತೆಯನ್ನು ಅದೇ ತಾಲ್ಲೂಕಿನ ಕೆಸಲೂರಿನ ಗಿರೀಶ್ ಕಾಸರವಳ್ಳಿ 1977ರಲ್ಲಿ ‘ಘಟಶ್ರಾದ್ಧ’ ಚಿತ್ರವಾಗಿಸಿ, ಮೊದಲ ಕಥಾಚಿತ್ರದಲ್ಲೇ ಸ್ವರ್ಣಕಮಲ ಪಡೆದರು. ಅಲ್ಲಿ ಉಡುಪರು ಬದುಕಿರುವ ಮಗಳಿಗೇ ಶ್ರಾದ್ಧ ಮಾಡುತ್ತಾರೆ. ವಿಧವೆ ಯಮುನಾ ಬಸಿರಾದದ್ದು ಅವಳ ತಪ್ಪು. ಪಾಲಾಶವಿಧಿ, ಘಟಶ್ರಾದ್ಧಗಳ ಉದ್ದೇಶ ಬೇರೆ ಬೇರೆಯಾದರೂ ಎರಡರ ಬಲವೂ ಒಂದೇ ಕಡೆಯಿಂದ ಬಂದದ್ದು: ದೇಹ ಕಣ್ಣೆದುರು ಇರಲಿ ಇಲ್ಲದಿರಲಿ, ಸತ್ತವರು ಯಾರು ಎಂಬುದನ್ನು ವಿಧಿ ತೀರ್ಮಾನಿಸಬಲ್ಲದು. ಒಂದು ಕಡೆ ಅದು ಕರುಣೆ, ಇನ್ನೊಂದು ಕಡೆ ಕ್ರೌರ್ಯ. ಎರಡೂ ಕಡೆ ತೀರ್ಮಾನ ಗಂಡಸರದು.

ಎರಡನೆಯ ಕೊರತೆ ನೆನಪಿಗೆ ಸಂಬಂಧಿಸಿದ್ದು. ಪ್ರತಿಕೃತಿ ಉರಿದ ಮೇಲೆ ಆ ಮನುಷ್ಯ ಉಳಿದ ಪಿತೃಗಳ ಜೊತೆ ಸೇರಿಹೋಗುತ್ತಾನೆ. ಮೂರು ತಲೆಮಾರು ಕಳೆದರೆ ಪಿಂಡದಲ್ಲೂ ಹೆಸರಿಲ್ಲ. ಹೊಳೆಯಲ್ಲಿ ಹೋದನೇ, ಊರು ಬಿಟ್ಟನೇ, ಯಾರು ಹುಡುಕಿದರು, ಎಲ್ಲಿಯವರೆಗೆ ಹುಡುಕಿದರು ಎಂಬ ವಿವರ ಎಲ್ಲೂ ಉಳಿಯುವುದಿಲ್ಲ. ಈ ನಾಡಿನ ಹಳಬರು ಇದಕ್ಕಿಂತ ಒಳ್ಳೆಯ ಮಾದರಿ ಇಟ್ಟು ಹೋಗಿದ್ದಾರೆ. ಶಿವಮೊಗ್ಗ ಸೀಮೆಯ ಊರೂರಲ್ಲಿ ನಿಂತ ವೀರಗಲ್ಲುಗಳನ್ನು ನೋಡಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ, ತುದಿಯಲ್ಲಿ ಸೂರ್ಯಚಂದ್ರರು. ಬರಹವಿದ್ದ ಕಲ್ಲುಗಳಲ್ಲಿ ಹೆಸರು, ಊರು, ಸತ್ತ ಬಗೆ, ಕೆಲವೊಮ್ಮೆ ಕಲ್ಲು ನಿಲ್ಲಿಸಿದವರ ಹೆಸರು. ಹೊಸನಗರ ತಾಲ್ಲೂಕಿನ ಹುಂಚದ ಜೈನ ನಿಸಿದಿಗಲ್ಲುಗಳೂ ಸಾವಿನ ಬಗೆಯನ್ನು ದಾಖಲಿಸುತ್ತವೆ. ಪಾಲಾಶವಿಧಿ ಸಾವನ್ನು ಮುಗಿಸುತ್ತದೆ; ವೀರಗಲ್ಲು ಸಾವನ್ನು ಹೇಳುತ್ತದೆ. ನೆನಪಿನ ತಕ್ಕಡಿಯಲ್ಲಿ ತೂಗಿದರೆ ಕಲ್ಲಿನ ಕಡೆಯೇ ತೂಕ.

ಮೂರನೆಯದು ವ್ಯವಹಾರದ ಮಾತು. ಮನೆಯಲ್ಲಿ ನಡೆದ ಉತ್ತರಕ್ರಿಯೆ ಕೋರ್ಟಿನಲ್ಲಿ ಸಾವನ್ನು ಸಾಬೀತು ಮಾಡುವುದಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 108ನೇ ಸೆಕ್ಷನ್‌ನಲ್ಲಿದ್ದ ನಿಯಮ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 111ನೇ ಸೆಕ್ಷನ್ ಆಗಿದೆ: ಸಹಜವಾಗಿ ಸುದ್ದಿ ತಿಳಿಯಬೇಕಾದವರಿಗೆ ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ, ಆತ ಬದುಕಿದ್ದಾನೆ ಎನ್ನುವವರೇ ಅದನ್ನು ರುಜುವಾತು ಮಾಡಬೇಕು. ಶಾಸ್ತ್ರದ ಹನ್ನೆರಡಕ್ಕೆ ಹೋಲಿಸಿದರೆ ಇದು ಉದಾರ. ಆದರೆ ಕಾನೂನಿಗೂ ಒಂದು ಕುರುಡಿದೆ. ಆತ ಸತ್ತಿರಬೇಕೆಂದು ಅದು ಭಾವಿಸುತ್ತದೆ, ಯಾವಾಗ ಸತ್ತನೆಂದು ಭಾವಿಸುವುದಿಲ್ಲ. ಎಲ್‌ಐಸಿ ಮತ್ತು ಅನುರಾಧಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ಇದನ್ನು ಖಚಿತಪಡಿಸಿತು. ಹಾಗಾಗಿ ನಡುವೆ ವಿಮೆಯ ಕಂತು ನಿಂತರೆ ಹಣ ಕೈತಪ್ಪಬಹುದು. ತಿಥಿಯನ್ನಾದರೂ ಕೊಡುವ ಪುರೋಹಿತರು ಈ ಒಂದು ವಿಷಯದಲ್ಲಿ ನ್ಯಾಯಾಧೀಶರಿಗಿಂತ ಮುಂದೆ.

ಒಟ್ಟಾರೆ ಈ ಆಚರಣೆ ಬಿಡಬೇಕಾದದ್ದಲ್ಲ, ತಿದ್ದಬೇಕಾದದ್ದು. ಕ್ರಿಯೆಯ ದಿನವನ್ನು ಅಣ್ಣತಮ್ಮಂದಿರು ಪಾಲುಪಟ್ಟಿಯ ಅನುಕೂಲ ನೋಡಿ ಗೊತ್ತುಮಾಡಬಾರದು. ಹೆಂಡತಿ, ತಾಯಿ, ಮಕ್ಕಳು ಒಪ್ಪುವವರೆಗೆ ಮುತ್ತುಗದ ದಂಟು ಕೊಯ್ಯಬಾರದು. ಒಪ್ಪದಿದ್ದವಳನ್ನು ಹುಚ್ಚಿ ಎನ್ನಬಾರದು. ಕ್ರಿಯೆ ಮಾಡಿದ ಮನೆಯವರು ಕಾಣೆಯಾದವರ ಹೆಸರು, ಹೊರಟ ದಿನ, ಹುಡುಕಿದ ಜಾಗಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಎಲ್ಲಕ್ಕಿಂತ ಮೊದಲು, ಮನೆಯಲ್ಲಿ ಯಾರಾದರೂ ಕಾಣೆಯಾದ ದಿನವೇ ಪೊಲೀಸ್ ಠಾಣೆಗೆ ದೂರು ಕೊಟ್ಟು ಅದರ ಸ್ವೀಕೃತಿ ಪ್ರತಿಯನ್ನು ಭದ್ರವಾಗಿಡಿ, ವಿಮೆಯ ಕಂತು ತಪ್ಪಿಸಬೇಡಿ. ಏಳು ವರ್ಷದ ಮೇಲೆ ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತುವಾಗ ಮೊದಲು ಕೇಳುವುದು ಆ ಕಾಗದವನ್ನೇ.