ಹೋಂವರ್ಕ್: ಮಗುವಿನದೋ, ಮನೆಯವರದೋ?

ಎರಡನೆಯ ತರಗತಿಯವರೆಗೆ ಹೋಂವರ್ಕ್ ಬೇಡ, ಮೂರರಿಂದ ಐದರವರೆಗೆ ವಾರಕ್ಕೆ 2 ಗಂಟೆ ಮೀರಬಾರದು ಎಂದು ಕೇಂದ್ರ ಸರ್ಕಾರದ 2020ರ ಶಾಲಾ ಬ್ಯಾಗ್ ನೀತಿ ಹೇಳುತ್ತದೆ. ಕಲಿಕೆ ಹೊರೆಯಾಗಬಾರದೆಂದು ಯಶಪಾಲ್ ಸಮಿತಿ 1993ರಲ್ಲೇ ಎಚ್ಚರಿಸಿತ್ತು. ಈ ಮಿತಿ ಸ್ವಾಗತಾರ್ಹ. ಆದರೆ ಗಂಟೆಗಳನ್ನು ಎಣಿಸಿದರಷ್ಟೇ ಸಾಲದು.

ಓದುಬರಹ ಬಲ್ಲ ತಾಯಿಯ ಮಗು ಬೇಗನೆ ಬರೆದು ಮುಗಿಸುತ್ತದೆ. ಕೂಲಿಯಿಂದ ದಣಿದು ಬಂದ, ಅಕ್ಷರವರಿಯದ ತಾಯಿಯ ಮಗು ಮರುದಿನ ಖಾಲಿ ಪುಟ ಹಿಡಿದು ತಲೆತಗ್ಗಿಸಿ ನಿಲ್ಲುತ್ತದೆ. ಶಿಕ್ಷಕರು ಅಲ್ಲಿ ಅಳೆಯುವುದು ಮನೆಯನ್ನು, ಮಗುವನ್ನಲ್ಲ.

ಆದುದರಿಂದ ಮೇಲಿನ ತರಗತಿಗಳಿಗೆ ಹೋಂವರ್ಕ್ ಇರಲಿ. ಆದರೆ ತರಗತಿಯಲ್ಲಿ ಕಲಿತದ್ದರಲ್ಲಿ ಮಗು ಯಾರ ನೆರವೂ ಇಲ್ಲದೆ ಮಾಡಬಲ್ಲಷ್ಟೇ ಇರಲಿ. ಶಿಕ್ಷಕರು ಅದನ್ನು ತಪ್ಪದೆ ತಿದ್ದಲಿ. ಹೆತ್ತವರೇ, ನೀವೂ ಮಗುವಿಗೆ ಬರೆದುಕೊಡಬೇಡಿ. ತಪ್ಪುಗಳಿರುವ ಪುಟವೇ ಶಿಕ್ಷಕರಿಗೆ ನಿಜ ಹೇಳುತ್ತದೆ.