ಹುಳು ಸಾಕುವ ಸೀಮೆಯಲ್ಲಿ ಹುಳುವಿನ ಮದ್ದು

ಕುಂಡದ ಗಿಡಕ್ಕೆ ಹುಳು ಬಿದ್ದಿದೆ ಎಂದರೆ ಸಾಕು, ಸಲಹೆ ಸಿದ್ಧ: ಬೇವಿನೆಣ್ಣೆಗೆ ಸೋಪಿನ ನೀರು ಬೆರೆಸಿ ಹೊಡೆಯಿರಿ. ಬಗ್ಗದಿದ್ದರೆ ಹೊಗೆಸೊಪ್ಪಿನ ಕಷಾಯ, ಅದಕ್ಕೂ ಜಗ್ಗದಿದ್ದರೆ ಬಿಟಿ ಎಂಬ ಬ್ಯಾಕ್ಟೀರಿಯಾದ ಪುಡಿ. ಮೂರೂ ಸಾವಯವ, ಆದ್ದರಿಂದ ಮೂರೂ ನಿರಪಾಯ ಎಂಬ ಭರವಸೆ ಬೇರೆ. ಬೆಂಗಳೂರಿನ ಬಾಲ್ಕನಿಯಲ್ಲಿ ಇದು ನಡೆದೀತು. ಕೊಳ್ಳೇಗಾಲ, ಹನೂರು, ಯಳಂದೂರಿನ ರೇಷ್ಮೆ ಬೆಳೆಗಾರರ ಮನೆಯಲ್ಲಿ ಇದನ್ನು ಕಣ್ಣುಮುಚ್ಚಿ ಪಾಲಿಸುವಂತಿಲ್ಲ.

ಬಿಟಿಯನ್ನೇ ನೋಡಿ. 1901ರಲ್ಲಿ ಜಪಾನಿನ ವಿಜ್ಞಾನಿ ಇಶಿವಾಟ ಈ ಬ್ಯಾಕ್ಟೀರಿಯಾವನ್ನು ಮೊದಲು ಕಂಡದ್ದೇ ರೋಗದಿಂದ ಸಾಯುತ್ತಿದ್ದ ರೇಷ್ಮೆ ಹುಳುಗಳಲ್ಲಿ. ಇಂದು ಅದೇ ರೋಗಾಣುವನ್ನು ಪೊಟ್ಟಣ ಕಟ್ಟಿ ತೋಟದ ಮದ್ದೆಂದು ಮಾರುತ್ತಾರೆ. ಹೊಗೆಸೊಪ್ಪಿನ ನಿಕೋಟಿನ್ ಹಿಪ್ಪುನೇರಳೆ ಸೊಪ್ಪಿಗೆ ತಾಗಿದರೆ ಅದನ್ನು ತಿಂದ ಹುಳು ವಾಂತಿ ಮಾಡಿಕೊಂಡು ಸಾಯುತ್ತದೆ. ಬೇವು ನಿಧಾನಿ, ಮೇವು ಬಿಡಿಸುತ್ತದೆ, ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತ ಹುಳು ಅದನ್ನು ಕಳಚದಂತೆ ಮಾಡುತ್ತದೆ. ಕುಂಡದ ಹುಳು ಯಾವುದು, ತಟ್ಟೆಯಲ್ಲಿ ಸಾಕಿದ ರೇಷ್ಮೆ ಹುಳು ಯಾವುದು ಎಂದು ಇವುಗಳಲ್ಲಿ ಯಾವುದಕ್ಕೂ ಗೊತ್ತಾಗುವುದಿಲ್ಲ. ಹಿಪ್ಪುನೇರಳೆ ತೋಟ ದೂರವಿದ್ದು, ಗಾಳಿಯಿಲ್ಲದ ಸಂಜೆ ಬೇವಿನೆಣ್ಣೆ ಹೊಡೆದರೆ ಅಂಥ ಅಪಾಯವೇನಿಲ್ಲ, ನಿಜ. ಆದರೆ ಹೊಡೆದ ಕೈಯಲ್ಲೇ ಸೊಪ್ಪು ಹಾಕಲು ಹೋಗುವವರಿಗೆ ಆ ಸಲಹೆಯಲ್ಲಿ ಎಚ್ಚರಿಕೆಯ ಒಂದು ಮಾತೂ ಇಲ್ಲ.

ಇರುವುದು ಹತ್ತಿಪ್ಪತ್ತು ಕುಂಡ. ಅಷ್ಟಕ್ಕೆ ಕೈಯಿಂದ ಆರಿಸುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಹುಳುವಿನ ಗುರುತು ಸಿಗಬೇಕು. ಕರಿಬೇವು, ನಿಂಬೆಯ ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದಂತೆ ಕಾಣುವುದು ನಿಂಬೆ ಚಿಟ್ಟೆಯ ಮರಿಹುಳು. ಬೆಳೆದ ಮೇಲೆ ಎಲೆಯ ಹಸಿರನ್ನೇ ಹೊದ್ದು ಕೂರುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲು ಕೊಂಬು ಚಾಚಿ ಗಬ್ಬು ವಾಸನೆ ಬಿಡುತ್ತದೆ. ಕಚ್ಚುವುದಿಲ್ಲ, ಬರೀ ಬೆದರಿಕೆ. ದೊಡ್ಡ ಗಿಡದಲ್ಲಿ ಎರಡು ಮೂರಿದ್ದರೆ ಬಿಟ್ಟುಬಿಡಿ, ಕುಂಡದ ಎಳೆ ಗಿಡವನ್ನು ಮಾತ್ರ ಅಷ್ಟೇ ಹುಳು ಬೋಳು ಮಾಡಿಬಿಡುತ್ತವೆ. ಇನ್ನೊಂದು ಜಾತಿಯ ಪತಂಗ ಎಲೆಯಡಿ ಗುಂಪಾಗಿ ಮೊಟ್ಟೆಯಿಟ್ಟು ಮೇಲೆ ಕಂದು ರೋಮ ಮುಚ್ಚಿರುತ್ತದೆ. ಆ ಒಂದು ಎಲೆ ಕಿತ್ತರೆ ನೂರಾರು ಹುಳು ಹೋದಂತೆ. ತಡಮಾಡಿದರೆ ಮರಿಗಳು ಗಿಡವೆಲ್ಲ ಹರಡಿ ಹಗಲು ಮಣ್ಣಲ್ಲಿ ಅಡಗುತ್ತವೆ, ಆಮೇಲೆ ರಾತ್ರಿ ಟಾರ್ಚ್ ಹಿಡಿದೇ ಹುಡುಕಬೇಕು.

ನುಗ್ಗೆಯ ಕಂಬಳಿಹುಳುವಿಗೆ ಬರಿಗೈ ಬೇಡ, ಇಕ್ಕಳ ಮತ್ತು ಸೋಪು ನೀರಿನ ಬಕೆಟ್ ಇರಲಿ. ಬದನೆಯ ಕುಡಿ ಕೊರೆಯುವ ಹುಳುವಿಗಂತೂ ಸಿಂಪಡಣೆಯೇ ದಂಡ, ಏಕೆಂದರೆ ಅದು ಕಾಂಡದೊಳಗೆ ಕೂತಿರುತ್ತದೆ. ಬಾಡಿದ ಕುಡಿಯನ್ನು ಹುಳುವಿನ ಸಮೇತ ಚಿವುಟಿ ಆ ನೀರಿಗೇ ಹಾಕಬೇಕು. ಕಿತ್ತು ಕುಂಡದ ಬುಡಕ್ಕೇ ಎಸೆದರೆ ಹುಳು ಅಲ್ಲೇ ಕೋಶ ಕಟ್ಟಿ ಮತ್ತೆ ಪತಂಗವಾಗಿ ಏಳುತ್ತದೆ.